ಚಳಿಗಾಲಕ್ಕೆ ನಾಲ್ಕು ಹೊಸ ಚಪ್ಪಲಿ



ಕಳೆದ ಸಂಚಿಕೆಯಲ್ಲಿ ಬಾಣಂತಿಯ ಪಥ್ಯದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿ ಒಬ್ಬ ಸೋದರಿ ಕಾಗದ ಬರೆದಿದ್ದಾರೆ. ಅವರ ಮಗಳು ಕೆನಡಾದಲ್ಲಿದ್ದಾಳಂತೆ. ಡಿಸೆಂಬರಿನಲ್ಲಿ ಹೆರಿಗೆ. "ನಾನು ಬಾಣಂತನಕ್ಕೆ ಹೊರಟಿದ್ದೇನೆ, ಏನೇನು ಕಟ್ಟಿಕೊಂಡು ಹೋಗಲಿ? ಅಳಿಯಂದಿರು ದೊಡ್ಡದೊಂದು ಪಿಕಪ್ ಗಾಡಿ ಇಟ್ಟಿದ್ದಾರೆ, ಆಸ್ಪತ್ರೆಗೆ ಹೋಗಿಬರಲು ಯೋಚನೆಯಿಲ್ಲ" ಎಂದು ಬರೆದಿದ್ದಾರೆ.

ಕಟ್ಟಿಕೊಂಡು ಹೋಗುವುದನ್ನು ನಾನು ಹೇಳಿಕೊಡಬೇಕೆ? ಒಣಶುಂಠಿ, ಓಮ, ಮೆಂತ್ಯ, ಅಂಟು, ನಮ್ಮ ತಿಪಟೂರಿನ ಕೊಬ್ಬರಿ. ವಿಮಾನ ಇಳಿದ ಮೇಲೆ ಸುಂಕದವರ ಹತ್ತಿರ ತಿನ್ನುವ ಪದಾರ್ಥವೆಲ್ಲವನ್ನೂ ಹೇಳಿಬಿಡಿ, ಮುಚ್ಚಿಡಬೇಡಿ. ಆದರೆ ಪೆಟ್ಟಿಗೆ ಕಟ್ಟುವುದಕ್ಕೂ ಮೊದಲು ಅಳಿಯಂದಿರಿಗೆ ಫೋನ್ ಮಾಡಿ ಒಂದೇ ಒಂದು ಮಾತು ಕೇಳಿ: "ಗಾಡಿಗೆ ಚಳಿಗಾಲದ ಟೈರು ಹಾಕಿಸಿದ್ದೀರಾ? ನಾಲ್ಕು ಚಕ್ರಕ್ಕೂ ಹಾಕಿಸಿದ್ದೀರಾ?"

ಅಡುಗೆಯ ವಿಚಾರ ಬರೆಯುವವಳು ಟೈರಿನ ವಿಚಾರಕ್ಕೆ ಯಾಕೆ ಬಂದಳು ಎಂದು ನಗಬೇಡಿ. ನಾನು ಓದಿದ್ದು ಹತ್ತನೇ ತರಗತಿ. ಸೈಕಲ್ಲಿಗೆ ಗಾಳಿ ಹಾಕಿದ್ದು ಬಿಟ್ಟರೆ ಚಕ್ರದ ಸಹವಾಸ ನನಗಿರಲಿಲ್ಲ. ಈ ಪಾಠ ಕಲಿತದ್ದು 2023ರಲ್ಲಿ, ತಂಗಿಯ ಎರಡನೆಯ ಬಾಣಂತನಕ್ಕೆ ಹೋದಾಗ. ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಕೂರಲಾರರು. ಹಾಗಾಗಿ ನಾನು ಹೋದೆ.

ತಂಗಿ ಇರುವುದು ಆಲ್ಬರ್ಟಾ ಪ್ರಾಂತ್ಯದಲ್ಲಿ, ಕ್ಯಾಲ್ಗರಿ ನಗರದ ಪಶ್ಚಿಮಕ್ಕಿರುವ ಕಾಕ್ರನ್ ಎಂಬ ಪುಟ್ಟ ಊರಿನಲ್ಲಿ. ಮನೆಯ ಹಿತ್ತಿಲಿನಿಂದ ನೋಡಿದರೆ ರಾಕಿ ಪರ್ವತಗಳು ಕಾಣುತ್ತವೆ. ಊರಿನಿಂದ ಕ್ಯಾಲ್ಗರಿಗೆ ಹೋಗಬೇಕಾದರೆ ಒಂದು ದೊಡ್ಡ ದಿಬ್ಬದ ರಸ್ತೆ ಹತ್ತಬೇಕು. ತಂಗಿಯ ಗಂಡ ಕಟ್ಟಡಗಳಿಗೆ ವಿದ್ಯುತ್ ಕೆಲಸ ಮಾಡಿಸುವವರು. ಏಣಿ, ತಂತಿ ಸುರುಳಿ ಹೇರಿಕೊಂಡು ಹೋಗಲು 2018ರ ಫೋರ್ಡ್ ಎಫ್-150 ಪಿಕಪ್ಪು ಇಟ್ಟಿದ್ದಾರೆ. ಮುಂದೆ ಕಾರಿನ ಹಾಗೆ ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ. ನಮ್ಮ ಸಂತೆಗೆ ತರಕಾರಿ ತರುವ ಪಿಕಪ್ಪು ಇದರ ಮುಂದೆ ಚಿಕ್ಕ ತಮ್ಮನ ಹಾಗೆ.

ನಾನು ಹೋದ ಎರಡನೆಯ ವಾರವೇ ತಂಗಿ ನನ್ನ ಹತ್ತಿರ ಹೇಳಿಕೊಂಡಳು. "ಅಕ್ಕ, ಚಳಿಗಾಲದ ಟೈರು ಹಾಕ್ಸಿ ಅಂತ ಎರಡು ವರ್ಷದಿಂದ ಹೇಳ್ತಿದೀನಿ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗೋ ಗಾಡಿ ಇದು, ಎಂಥ ಹಿಮದಲ್ಲೂ ಎದ್ದು ಹೋಗತ್ತೆ ಅಂತಾರೆ."

ಆಗ ನಾನೇನಂದೆ ಗೊತ್ತೇ? "ಗಂಡಸರಿಗೆ ಗಾಡಿ ವಿಚಾರ ನಮಗಿಂತ ಚೆನ್ನಾಗಿ ಗೊತ್ತಿರತ್ತೆ ಕಣೆ. ತುಂಬಿದ ಬಸುರಿ, ಸುಮ್ನೆ ಜಗಳ ಆಡಬೇಡ." ಈ ಮಾತು ಆಡಿದ್ದಕ್ಕೆ ನನಗೆ ಇಂದಿಗೂ ನಾಚಿಕೆ.

ಅಕ್ಟೋಬರಿನ ಕೊನೆಯ ವಾರ ಮೊದಲ ಹಿಮ ಬಿತ್ತು. ಬೆಳಿಗ್ಗೆ ತಂಗಿಯ ಐದು ವರ್ಷದ ಮಗಳನ್ನು ಶಾಲೆಗೆ ಬಿಡಲು ಅವರು ಹೊರಟರು. ಹಿಮ ನೋಡುವ ಆಸೆಗೆ ನಾನೂ ಹತ್ತಿದೆ. ಗಾಡಿ ಜೋರಾಗಿಯೇನೂ ಹೋಗುತ್ತಿರಲಿಲ್ಲ. ಇಳಿಜಾರಿನ ಕೊನೆಗೆ ಅಡ್ಡರಸ್ತೆ, ನಿಲ್ಲಬೇಕೆಂಬ ಕೆಂಪು ಫಲಕ. ಅವರು ಬ್ರೇಕು ತುಳಿದರು. ಗಾಡಿ ನಿಲ್ಲಲಿಲ್ಲ. ಎಣ್ಣೆ ಬಿದ್ದ ಬಚ್ಚಲಲ್ಲಿ ಕಾಲಿಟ್ಟ ಹಾಗೆ ಜಾರುತ್ತಲೇ ಹೋಗಿ ಅಡ್ಡರಸ್ತೆಯ ನಡುವೆ ನಿಂತಿತು. ದೇವರ ದಯೆ, ಯಾವ ಗಾಡಿಯೂ ಬರುತ್ತಿರಲಿಲ್ಲ. "ದೊಡ್ಡಮ್ಮ, ಜಾರಬಂಡೆ!" ಎಂದು ಮಗು ಚಪ್ಪಾಳೆ ತಟ್ಟಿತು. ತಂಗಿಯ ಗಂಡ ಹಣೆ ಒರೆಸಿಕೊಂಡರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆ ನಾನೇ ಬಾಯಿಬಿಟ್ಟೆ. "ನಿಮ್ಮ ಮನಸ್ಸು ನೋಯಿಸಬೇಕು ಅಂತ ಅಲ್ಲ. ಆದ್ರೆ ಅವಳು ಹೇಳಿದ್ದು ಸರಿ ಅನ್ಸತ್ತೆ."

"ಹೌದು ಅತ್ತಿಗೆ, ನನ್ನದೇ ತಪ್ಪು" ಎಂದರು. ಆ ಒಂದು ಮಾತಿಗೆ ಅವರ ಮೇಲೆ ನನಗಿದ್ದ ಗೌರವ ಎರಡರಷ್ಟಾಯಿತು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸಿದ್ದರು. ಗಂಡನ ಜೊತೆ ಜೀವಮಾನವಿಡೀ ದನ ಸಾಕಿ, ಪಿಕಪ್ಪು ಓಡಿಸಿದವರು. ಅವರು ಹೇಳಿದ ಮಾತನ್ನು ತಂಗಿ ಕನ್ನಡದಲ್ಲಿ ಹೇಳಿದಳು: ಹೊರಡುವುದಕ್ಕೆ ಎಂಜಿನ್ ಬೇಕು, ನಿಲ್ಲುವುದಕ್ಕೆ ರಬ್ಬರ್ ಬೇಕು. ನಾಲ್ಕು ಚಕ್ರಕ್ಕೆ ಬಲ ಕೊಡುವ ಎಂಜಿನ್ನು ಹಿಮದಲ್ಲಿ ಮುಂದೆ ಹೋಗಲು ಸಹಾಯ ಮಾಡುತ್ತದೆ, ನಿಜ. ಆದರೆ ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೂ ಇದ್ದೇ ಇರುತ್ತದೆ. ನಿಲ್ಲುವಾಗ ದೊಡ್ಡ ಗಾಡಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ. ಎರಡು ಟನ್ನಿಗೂ ಮೇಲಿನ ಭಾರವನ್ನು ಹಿಡಿದು ನಿಲ್ಲಿಸುವುದು ನೆಲಕ್ಕೆ ತಾಗುವ ನಾಲ್ಕು ಅಂಗೈಯಗಲದ ರಬ್ಬರು ಮಾತ್ರ.

ಆ ರಬ್ಬರಿನ ಗುಟ್ಟು ನಮಗೆ ಸುಲಭವಾಗಿ ತಿಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲು ಬಗ್ಗಿಸಿದರೆ ಎಣ್ಣೆ ಬರುತ್ತದೆಯೇ? ಗಟ್ಟಿಯಾಗಿ ಕೂತಿರುತ್ತದೆ. ಕಡಲೆಕಾಯಿ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ರಬ್ಬರಿನಲ್ಲೂ ಹೀಗೆ ಜಾತಿಗಳಿವೆ. ಬೇಸಿಗೆಯ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಬಿರುಸಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಎಲ್ಲ ಕಾಲಕ್ಕೂ ಆಗುತ್ತದೆಂದು ಮಾರುವ ಟೈರು ಸ್ವಲ್ಪ ವಾಸಿ, ಆದರೆ ಕೊರೆಯುವ ಚಳಿಗೆ ಸಾಲದು. ಚಳಿಗಾಲದ ಟೈರಿಗೆ ಬೇರೆಯೇ ಹದದ ರಬ್ಬರು, ಅದು ಸೊನ್ನೆಯ ಕೆಳಗೂ ಮೆತ್ತಗಿರುತ್ತದೆ. ಅದರ ಮೈಮೇಲೆ, ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತೇವಲ್ಲ ಹಾಗೆ, ನೂರಾರು ಸಣ್ಣ ಸೀಳುಗಳಿರುತ್ತವೆ. ಚಕ್ರ ಉರುಳುವಾಗ ಸೀಳುಗಳು ಬಿಚ್ಚಿಕೊಂಡು ಅವುಗಳ ಅಂಚು ಮಂಜುಗಡ್ಡೆಯನ್ನು ಕಚ್ಚುತ್ತದೆ. ಇಂಥ ಮೊದಲ ಟೈರು ಬಂದದ್ದು 1934ರಲ್ಲಿ, ಫಿನ್ಲೆಂಡ್ ದೇಶದಲ್ಲಿ. ಅದನ್ನು ಮಾಡಿದ್ದು ಕಾರಿಗಲ್ಲ, ಟ್ರಕ್ಕಿಗೆ!

ಇನ್ನು ಆರಿಸುವ ಕೆಲಸ. ಸೀರೆ ಅಂಗಡಿಗೆ ಹೋದರೂ ಇಷ್ಟು ಗೊಂದಲವಿಲ್ಲ. ನಾವು ಎಡವಿದ ಕಡೆಯೆಲ್ಲ ಹೇಳುತ್ತೇನೆ, ನೀವು ಎಡವಬೇಡಿ.

ಮೊದಲನೆಯದು, ರೂಪಕ್ಕೆ ಮರುಳಾಗುವುದು. ತಂಗಿಯ ಗಂಡ ದಪ್ಪ ದಪ್ಪ ಹಲ್ಲಿನ, ಕೆಸರಿನಲ್ಲಿ ಓಡಿಸುವ ಟೈರಿನ ಮೇಲೆ ಕಣ್ಣು ಹಾಕಿದ್ದರು. ನೋಡಲು ರಾಕ್ಷಸನ ಹಾಗಿದೆ, ಹಿಮಕ್ಕೆ ಇದಕ್ಕಿಂತ ಬೇಕೆ ಎಂದು ನನಗೂ ಅನ್ನಿಸಿತು. ಪಕ್ಕದ ಮನೆಯಾಕೆ ತಲೆಯಾಡಿಸಿಬಿಟ್ಟರು. ಆ ಹಲ್ಲುಗಳು ಕೆಸರಿಗೆ ಸರಿ. ಆದರೆ ರಬ್ಬರು ಗಟ್ಟಿ, ಸಣ್ಣ ಸೀಳುಗಳು ಕಡಿಮೆ. ನುಣ್ಣನೆಯ ಮಂಜುಗಡ್ಡೆಯ ಮೇಲೆ ಅದು ಜಾರುತ್ತದೆ. ನೋಡಬೇಕಾದದ್ದು ಟೈರಿನ ಪಕ್ಕದಲ್ಲಿ ಒತ್ತಿರುವ ಗುರುತನ್ನು: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಮದಲ್ಲಿ ಎಳೆತ ಪರೀಕ್ಷಿಸಿ ಅಳತೆಗೆ ಮುಟ್ಟಿದ ಟೈರಿಗೆ ಮಾತ್ರ ಆ ಗುರುತು. 'ಎಂ+ಎಸ್' ಎಂಬ ಅಕ್ಷರಗಳಿದ್ದರೆ ಅದು ಹಲ್ಲಿನ ವಿನ್ಯಾಸಕ್ಕೆ ಸಂಬಂಧಿಸಿದ್ದು, ಅದಕ್ಕೆ ಅಂಥ ಪರೀಕ್ಷೆಯಿಲ್ಲ.

ಎರಡನೆಯದು, ಅರ್ಧ ಖರ್ಚು ಉಳಿಸುವುದು. "ಹಿಂದಿನ ಎರಡಕ್ಕೆ ಮಾತ್ರ ಹಾಕಿಸೋಣವೇ?" ಎಂದು ಕೇಳಿದವಳು ನಾನೇ. ಗೃಹಿಣಿಯ ಬುದ್ಧಿ ನೋಡಿ! ಹಿಂದೆ ಮಾತ್ರ ಹಾಕಿದರೆ ತಿರುವಿನಲ್ಲಿ ಮುಂದಿನ ಚಕ್ರ ಮಾತು ಕೇಳುವುದಿಲ್ಲ, ಗಾಡಿ ನೆಟ್ಟಗೆ ಹೋಗಿಬಿಡುತ್ತದೆ. ಮುಂದೆ ಮಾತ್ರ ಹಾಕಿದರೆ ಹಿಂಭಾಗ ಬೀಸಿ ಗಾಡಿ ಬುಗುರಿಯಂತೆ ತಿರುಗುತ್ತದೆ. ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ. ನಾಲ್ಕೂ ಒಂದೇ ಜಾತಿ, ಒಂದೇ ಅಳತೆ, ಒಂದೇ ಸವೆತದ್ದಿರಬೇಕು.

ಮೂರನೆಯದು ಅಳತೆ. ಗಾಡಿಗೆ ಇದ್ದ ಟೈರಿನ ಮೇಲೆ 275/55ಆರ್20 ಎಂದಿತ್ತು. ಇದು ಮಗ್ಗಿಯಷ್ಟೇ ಸುಲಭ. 275 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 55 ಪಾಲು. 20 ಎಂದರೆ ಒಳಗಿನ ಲೋಹದ ಚಕ್ರದ ಅಡ್ಡಳತೆ, ಅಂಗುಲದಲ್ಲಿ. ನಾವು ಕೊನೆಗೆ ಕೊಂಡದ್ದು 265/70ಆರ್17. ಚಕ್ರ ಮೂರು ಅಂಗುಲ ಚಿಕ್ಕದು, ರಬ್ಬರಿನ ಗೋಡೆ ಎತ್ತರ, ಅಗಲ ಒಂದಿಷ್ಟು ಕಡಿಮೆ. ಕೂಡಿ ಕಳೆದು ನೋಡಿದರೆ ಪೂರಾ ಟೈರಿನ ಎತ್ತರ ಮೊದಲು ಸುಮಾರು 811 ಮಿ.ಮೀ., ಈಗ 803. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ಹೀಗೆ ಎತ್ತರ ಕಾಪಾಡಿಕೊಂಡರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುವುದಿಲ್ಲ. ಅಗಲ ಕಡಿಮೆಯಿದ್ದಷ್ಟೂ ಟೈರು ಹಿಮವನ್ನು ಸೀಳಿಕೊಂಡು ಇಳಿಯುತ್ತದೆ, ತೇಲುವುದಿಲ್ಲ. ಗುಂಡಿಗೆ ಬಿದ್ದಾಗ ಎತ್ತರದ ಗೋಡೆ ಲೋಹದ ಚಕ್ರವನ್ನು ಕಾಯುತ್ತದೆ. ಚಿಕ್ಕ ಚಕ್ರದ ಟೈರಿಗೆ ಬೆಲೆಯೂ ಕಡಿಮೆ. ಆದರೆ ಮನಸ್ಸಿಗೆ ಬಂದಷ್ಟು ಚಿಕ್ಕದು ಮಾಡಲಾಗದು, ಒಳಗಿನ ಬ್ರೇಕಿಗೆ ತಗಲುತ್ತದೆ. ಅದೇ ಮಾದರಿಗೆ ಕಂಪನಿಯವರೇ ಕೊಡುವ ಚಿಕ್ಕ ಚಕ್ರ ಯಾವುದೆಂದು ಕೇಳಿಕೊಳ್ಳುವುದು ಕ್ಷೇಮ.

ಭಾರ ಹೊರುವ ಶಕ್ತಿಗೂ ಒಂದು ಅಂಕಿಯಿದೆ. 113 ಎಂದಿದ್ದರೆ ಒಂದು ಟೈರು 1,150 ಕಿಲೋ ಹೊರುತ್ತದೆ. 115 ಎಂದಿದ್ದರೆ 1,215. ಹಳೆಯದಕ್ಕಿಂತ ಕಡಿಮೆ ಅಂಕಿಯದನ್ನು ಹಾಕಿಸಬಾರದು. ದಿನವೂ ಕಲ್ಲು, ಕಬ್ಬಿಣ ಹೇರುವವರು, ಹಿಂದೆ ದೊಡ್ಡ ಗಾಡಿ ಕಟ್ಟಿ ಎಳೆಯುವವರು 'ಎಲ್‌ಟಿ' ಎಂದು ಬರೆದಿರುವ ಗಟ್ಟಿ ಟೈರು ಕೊಳ್ಳಬೇಕು. ಏಣಿ, ತಂತಿ, ಹೆಂಡತಿ, ಮಕ್ಕಳನ್ನು ಒಯ್ಯುವವರಿಗೆ ಸಾಧಾರಣದ್ದೇ ಮೆತ್ತಗೆ, ಹಿತ.

ನಾಲ್ಕನೆಯದು ಲೋಹದ ಚಕ್ರ. ಇಲ್ಲಿ ನಮಗೆ ಒಳ್ಳೆಯ ಪಾಠವಾಯಿತು. ಪರಿಚಯದವರೊಬ್ಬರು ತಮ್ಮ ಷೆವರ್ಲೆ ಸಿಲ್ವರಾಡೊ 1500 ಪಿಕಪ್ಪಿನ ಹಳೆಯ ಚಕ್ರಗಳನ್ನು ಸುಮ್ಮನೆ ಕೊಡುತ್ತೇನೆಂದರು. ಅದಕ್ಕೂ ಆರು ತೂತು, ಇದಕ್ಕೂ ಆರು ತೂತು. ಹೊತ್ತು ತಂದರು. ಕೂರಲೇ ಇಲ್ಲ! ಆರು ತೂತುಗಳ ವೃತ್ತದ ಅಡ್ಡಳತೆ ಎಫ್-150ರಲ್ಲಿ 135 ಮಿ.ಮೀ., ಸಿಲ್ವರಾಡೊದಲ್ಲಿ 139.7 ಮಿ.ಮೀ. ಐದು ಮಿಲಿಮೀಟರೂ ಇಲ್ಲದ ವ್ಯತ್ಯಾಸ. ಒಂದು ಕುಕ್ಕರಿನ ಮುಚ್ಚಳ ಇನ್ನೊಂದಕ್ಕೆ ಕೂರದ ಹಾಗೆ. ಒತ್ತಾಯಕ್ಕೆ ಕೂರಿಸುವ ವಸ್ತುವಲ್ಲ ಇದು. ತೂತಿನ ವೃತ್ತ, ನಡುವಿನ ದೊಡ್ಡ ತೂತು, ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ಸರಿದು ಕೂರುತ್ತದೆ ಎನ್ನುವುದು, ನಟ್ಟು ಕೂರುವ ಗುಳಿಯ ಆಕಾರ, ಇವು ನಾಲ್ಕೂ ಹೊಂದಬೇಕು. ಹಳೆಯ ನಟ್ಟು ಹೊಸ ಚಕ್ರಕ್ಕೆ ಹೊಂದದೆಯೂ ಇರಬಹುದು, ಕೇಳಿ ಕೊಳ್ಳಿ.

ಹೊಳೆಯುವ ಅಲಾಯ್ ಚಕ್ರವೋ, ಕಪ್ಪು ಬಣ್ಣದ ಉಕ್ಕಿನ ಚಕ್ರವೋ? ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪಿನಕಾಯಿಗೆ ಲೋಹದ ಡಬ್ಬಿ ಯಾಕೆ ಕೂಡದು ಎಂದು ಬಲ್ಲ ನಮಗೆ ವಿವರ ಬೇಡ. ಅಲಾಯ್ ಚಕ್ರದ ಹೊಳಪು ಸುಲಿದು ಚುಕ್ಕೆ ಬೀಳುತ್ತದೆ, ಉಕ್ಕಿನದು ತುಕ್ಕು ಹಿಡಿಯುತ್ತದೆ. ಆದರೆ ಉಕ್ಕು ಅಗ್ಗ, ಏಟು ತಡೆಯುತ್ತದೆ, ಅಂದ ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ. ತಂಗಿಯ ಮನೆಯಲ್ಲಿ ಉಕ್ಕೇ ಬಂತು. ಬೇಸಿಗೆಗೊಂದು ಸೆಟ್ಟು, ಚಳಿಗೊಂದು ಸೆಟ್ಟು ಚಕ್ರವಿದ್ದರೆ ವರ್ಷಕ್ಕೆರಡು ಸಲ ಟೈರು ಬಿಚ್ಚಿ ಹಾಕಿಸುವ ಕೂಲಿ ಉಳಿಯುತ್ತದೆ, ಟೈರಿನ ಅಂಚೂ ಹರಿಯುವುದಿಲ್ಲ.

ಎಲ್ಲ ಸೇರಿ ಸುಮಾರು 1,600 ಡಾಲರ್ ಆಯಿತು. ಮಗುವಿನ ಖರ್ಚು ಮುಂದಿರುವಾಗ ಸಣ್ಣ ಮೊತ್ತವಲ್ಲ. ತಂಗಿ ಲೆಕ್ಕ ಹಾಕಿ ಹೇಳಿದಳು, "ಚಳಿಗಾಲದಲ್ಲಿ ಇದು ಸವೆಯೋವಾಗ ಬೇಸಿಗೆದು ಕೂತಿರತ್ತೆ. ಎರಡು ಸೆಟ್ಟೂ ಜಾಸ್ತಿ ವರ್ಷ ಬರತ್ತೆ." ನಿಜ ತಾನೆ? ಎರಡು ಜೊತೆ ಚಪ್ಪಲಿ ಸರದಿಯಲ್ಲಿ ಮೆಟ್ಟಿದ ಹಾಗೆ.

ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ತಂಗಿಗೆ ನೋವು ಶುರುವಾಯಿತು. ಆ ಸೀಮೆಯಲ್ಲಿ ಚಳಿಗಾಲದ ನಡುವೆ ಒಮ್ಮೊಮ್ಮೆ ಪಶ್ಚಿಮದಿಂದ ಚಿನೂಕ್ ಎಂಬ ಬಿಸಿಗಾಳಿ ಬೀಸುತ್ತದೆ. ಹಗಲು ಹಿಮ ಕರಗಿ ರಸ್ತೆಯಲ್ಲಿ ನೀರು ಹರಿಯುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಕಣ್ಣಿಗೆ ಕಾಣದ ಗಾಜಾಗುತ್ತದೆ. ಅಂಥ ರಾತ್ರಿ ಅದು. ಪಕ್ಕದ ಮನೆಯಾಕೆ ಬಂದು ಮಗುವಿನ ಹತ್ತಿರ ಮಲಗಿದರು. ನಾವು ಮೂವರೂ ಹೊರಟೆವು. ತಂಗಿ ಮುಂದೆ, ನಾನು ಹಿಂದೆ, ಬಾಯಲ್ಲಿ ರಾಯರ ಸ್ಮರಣೆ.

ದಿಬ್ಬದ ಏರು ಮುಗಿಯುತ್ತಿತ್ತು. ದೀಪದ ಬೆಳಕಿಗೆ ರಸ್ತೆಯ ನಡುವೆ ಮೂರು ಜಿಂಕೆ! ಅವರು ಬ್ರೇಕು ತುಳಿದರು. ಕಾಲಡಿಯಲ್ಲಿ ಗರಗರ ಶಬ್ದ. ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಗಾಡಿ ನೆಟ್ಟಗೆ ನಿಂತಿದೆ, ಜಿಂಕೆಗಳು ಮೂರು ಮಾರು ಮುಂದೆ ನಮ್ಮನ್ನೇ ನೋಡುತ್ತಿವೆ. ಅವು ನಿಧಾನವಾಗಿ ದಾಟಿಹೋದವು. ಯಾರೂ ಮಾತಾಡಲಿಲ್ಲ. ತಂಗಿ ಮಾತ್ರ ಗಂಡನ ಕೈ ಮೇಲೆ ಕೈ ಇಟ್ಟಳು.

ಬೆಳಿಗ್ಗೆ ಆರೂವರೆಗೆ ಗಂಡು ಮಗು. ಮೂರು ಕಿಲೋ ಇನ್ನೂರು ಗ್ರಾಂ.

ಅಕ್ಟೋಬರಿನ ಟೈರೇ ಇದ್ದಿದ್ದರೆ ಏನಾಗುತ್ತಿತ್ತೋ, ಆ ಯೋಚನೆ ಬೇಡ. ಟೈರು ಒಳ್ಳೆಯದೆಂದು ಓಡಿಸಬಾರದು ಎನ್ನುವುದೂ ಸತ್ಯ. ಅಂದು ಅವರು ನಿಧಾನವಾಗಿಯೇ ಹೋಗುತ್ತಿದ್ದರು. ಎರಡೂ ಸೇರಿದ್ದಕ್ಕೆ ಗಾಡಿ ನಿಂತಿತು.

ಕೆನಡಾಕ್ಕೆ ಹೊರಟ ಸೋದರಿಗೂ, ಚಳಿದೇಶದಲ್ಲಿ ಮಕ್ಕಳಿರುವ ಎಲ್ಲರಿಗೂ ಅಡುಗೆಯ ವಿಧಾನದಂತೆ ಬರೆದುಕೊಡುತ್ತೇನೆ, ಕತ್ತರಿಸಿಟ್ಟುಕೊಳ್ಳಿ.

1. ಹಿಮ ಬೀಳುವ ತನಕ ಕಾಯಬೇಡಿ. ದಿನದ ಉಷ್ಣತೆ 7 ಡಿಗ್ರಿಯ ಕೆಳಗೆ ಇಳಿಯುವ ಹೊತ್ತಿಗೆ ಟೈರು ಬದಲಾಗಿರಬೇಕು. ಬೇಸಿಗೆ ಬಂದಾಗ ತೆಗೆಸಬೇಕು, ಮೆತ್ತಗಿನ ರಬ್ಬರು ಬಿಸಿಗೆ ಬೇಗ ಸವೆಯುತ್ತದೆ.

2. ಕಾಯಿದೆ ಊರಿಂದೂರಿಗೆ ಬೇರೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಬ್ರಿಟಿಷ್ ಕೊಲಂಬಿಯದ ಬಹುಪಾಲು ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ಬೇಕು. ಆಲ್ಬರ್ಟಾದಲ್ಲಿ ಕಡ್ಡಾಯವಿಲ್ಲ. ಕಡ್ಡಾಯವಿಲ್ಲ ಎಂದರೆ ಬೇಡ ಎಂದಲ್ಲ.

3. ಟೈರಿನ ಪಕ್ಕದಲ್ಲಿ 'ಡಾಟ್' ಎಂಬ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಹಳೆಯ ಸರಕನ್ನು ಹೊಸದೆಂದು ಕೊಳ್ಳಬೇಡಿ.

4. ಚಳಿಗೆ ಗಾಳಿ ಕುಗ್ಗುತ್ತದೆ. ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪೌಂಡು ಒತ್ತಡ ಕಡಿಮೆ. 15 ಡಿಗ್ರಿಯಲ್ಲಿ ತುಂಬಿಸಿದ ಟೈರು ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋದಾಗ ಏಳು ಪೌಂಡು ಕಳೆದುಕೊಂಡಿರುತ್ತದೆ. ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಬೇಕು.

5. ಹೊಸ ಚಕ್ರ ಹಾಕಿಸಿ ಎಂಬತ್ತು, ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಸರಿಯಾದ ಬಿಗಿತಕ್ಕೆ ಬಿಗಿಸಬೇಕು.

6. ಖಾಲಿ ತೊಟ್ಟಿಯಲ್ಲಿ, ಹಿಂದಿನ ಚಕ್ರಗಳ ಅಚ್ಚಿನ ನೇರಕ್ಕೆ, ಮರಳಿನ ಚೀಲ ಇಟ್ಟು ಗಟ್ಟಿಯಾಗಿ ಕಟ್ಟಿ. ಗಾಡಿ ಹೂತುಕೊಂಡರೆ ಅದೇ ಮರಳನ್ನು ಚಕ್ರದಡಿ ಎರಚಬಹುದು.

7. ತೆಗೆದಿಟ್ಟ ಟೈರನ್ನು ತೊಳೆದು ಒರೆಸಿ, ಬಿಸಿಲು ಬೀಳದ ತಂಪಾದ ಕಡೆ ಇಡಬೇಕು.

ಕೊನೆಗೊಂದು ಮಾತು. ಗಾಡಿ ಗಂಡಸರ ವಿಚಾರ ಎಂದು ನಾನು ತಂಗಿಯ ಬಾಯಿ ಮುಚ್ಚಿಸಿದ್ದೆ. ಆ ಗಾಡಿಯಲ್ಲಿ ಕೂರುವವರು ಯಾರು? ನಾವು, ನಮ್ಮ ಮಕ್ಕಳು. ಕೇಳುವ ಹಕ್ಕು ನಮಗೂ ಉಂಟು. ಜಗಳವಾಡಬೇಕಾಗಿಲ್ಲ. ಊಟಕ್ಕೆ ಬಡಿಸುವಾಗ ಮೆಲ್ಲಗೆ ಕೇಳಿದರೂ ಸಾಕು, ಆದರೆ ಕೇಳದೆ ಬಿಡಬೇಡಿ.

ಮುಂದಿನ ಸಂಚಿಕೆಯಲ್ಲಿ ತಿಪಟೂರು ಕೊಬ್ಬರಿಯ ಅಂಟಿನುಂಡೆ. ಬೆಲ್ಲದ ಪಾಕ ಕೈಕೊಡದಂತೆ ಮಾಡುವ ಉಪಾಯವನ್ನೂ ಹೇಳುತ್ತೇನೆ.